ಎಳೆ ವಿಸ್ಕಿಗೆ ನಾಲಗೆಯೇ ಗತಿ

ವಿಸ್ಕಿ ಬಾಟಲಿಯ ಮೇಲೆ ಅಚ್ಚಾಗಿರುವ 12, 18, 25 ಎಂಬ ವಯಸ್ಸಿನ ಅಂಕಿಗಳು ಕುಡಿಯುವವರಿಗೆ ಮಾಡುವ ಉಪಕಾರ ಸಣ್ಣದಲ್ಲ. ಅವು ನಾಲಗೆಗೆ ರಜೆ ಕೊಡುತ್ತವೆ. 18 ಎಂದು ಓದಿಕೊಂಡವನ ತಲೆ, ಗುಟುಕು ಗಂಟಲು ದಾಟುವ ಮೊದಲೇ ಮೆಚ್ಚುಗೆಯಿಂದ ತೂಗತೊಡಗುತ್ತದೆ. 25 ಎಂದಿದ್ದರೆ ಕಣ್ಣೂ ಅರ್ಧ ಮುಚ್ಚುತ್ತದೆ. ಜೊತೆಗೆ ಬೆಲೆಯೂ ಗೊತ್ತಾಗಿಬಿಟ್ಟರೆ, ಇದು ಚೆನ್ನಾಗಿಲ್ಲ ಎನ್ನುವ ಧೈರ್ಯ ಅತಿಥಿಗೆ ಬರುವುದಿಲ್ಲ. ದುಡ್ಡು ಸುರಿದು ತಂದ ಮನೆಯ ಯಜಮಾನನಿಗಂತೂ ಬರುವ ಪ್ರಶ್ನೆಯೇ ಇಲ್ಲ. ಎಲ್ಲರಿಗೂ ಹಿತವಾಗಿ ನಡೆದುಕೊಂಡು ಬಂದಿದ್ದ ಈ ಏರ್ಪಾಡನ್ನು ಕೆಡಿಸಿದವು ಮೊನ್ನೆ ಮೊನ್ನೆ ಹುಟ್ಟಿದ ಸಣ್ಣ ಡಿಸ್ಟಿಲರಿಗಳು. ಅವುಗಳ ಬಾಟಲಿಯ ಮೇಲೆ ಮುತ್ತಾತನ ಭಾವಚಿತ್ರವಿಲ್ಲ, ಅರಮನೆಯ ಮೊಹರಿಲ್ಲ, ಎದೆಯುಬ್ಬಿಸಿ ಹೇಳಿಕೊಳ್ಳುವಂಥ ಅಂಕಿಯೂ ಇಲ್ಲ. ಇರುವುದು ಮೂರೋ ಐದೋ ವರ್ಷ ಪೀಪಾಯಿಯೊಳಗೆ ಕೂತೆದ್ದ ಬಾರ್ಲಿಯ ಸಾರ. ಹೊಗಳುವುದಾದರೂ ತೆಗಳುವುದಾದರೂ ಅದನ್ನು ಕುಡಿದೇ ತೀರಬೇಕು. ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ, ಸವಿಯುವ ವಿದ್ಯೆ ಕಲಿಯಬೇಕೆನ್ನುವವರು ಹಳೆಯದರಿಂದಲ್ಲ, ಎಳೆಯದರಿಂದ ಶುರುಮಾಡಬೇಕು ಎನ್ನುವುದು ನನ್ನ ವಾದ. ಅಲ್ಲಿ ಮಾತ್ರ ನಾಲಗೆ ಸ್ವಂತ ಬುದ್ಧಿಯಿಂದ ದುಡಿಯಬೇಕಾಗುತ್ತದೆ.

ಮೊದಲು ಈ ಅಂಕಿಯ ಜಾತಕವನ್ನೇ ಬಿಚ್ಚಿ ನೋಡೋಣ. ಓಕ್ ಮರದಿಂದ ಮಾಡಿದ, 700 ಲೀಟರಿಗಿಂತ ದೊಡ್ಡದಲ್ಲದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನ ನೆಲದ ಮೇಲೆಯೇ ಕನಿಷ್ಠ 3 ವರ್ಷ ಕಳೆದ ಮೇಲಷ್ಟೇ ಆ ದ್ರವಕ್ಕೆ ಸ್ಕಾಚ್ ವಿಸ್ಕಿ ಎಂದು ನಾಮಕರಣ. ಅಲ್ಲಿಯವರೆಗೆ ಅದು ಬರೀ ಸ್ಪಿರಿಟ್. ಲೇಬಲ್ಲಿನ ಮೇಲೆ ವಯಸ್ಸು ಹಾಕುವುದಾದರೆ ಬಾಟಲಿಯೊಳಗಿನ ಅತ್ಯಂತ ಎಳೆಯ ಹನಿಯ ವಯಸ್ಸನ್ನೇ ಹಾಕಬೇಕು. ಹೀಗಾಗಿ ಮೂವತ್ತು ವರ್ಷದ ವಿಸ್ಕಿಗೆ ಒಂದು ಚಮಚ ಮೂರು ವರ್ಷದ್ದು ಬಿದ್ದರೆ ಇಡೀ ಪೀಪಾಯಿ ಮೂರಕ್ಕೆ ಇಳಿಯುತ್ತದೆ. ಈ ಕಾನೂನಿನ ತಮಾಷೆಯನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದು ಲಂಡನ್ನಿನ ಕಂಪಾಸ್ ಬಾಕ್ಸ್ ಎಂಬ ಮಿಶ್ರಣಕಾರರ ಸಂಸ್ಥೆ. ಅವರು 2016ರಲ್ಲಿ ಹೊರತಂದ ಒಂದು ಮಾಲ್ಟ್ ಮಿಶ್ರಣದಲ್ಲಿ ಮೂರು ವರ್ಷದ ವಿಸ್ಕಿ ಇದ್ದದ್ದು ಶೇ 0.4 ಮಾತ್ರ. ಉಳಿದದ್ದೆಲ್ಲ ಅದಕ್ಕಿಂತ ಬಹಳ ಹಳೆಯದು. ಆದರೆ ಬಾಟಲಿಯ ಮೇಲೆ ರಾಜಾರೋಷವಾಗಿ ‘ಥ್ರೀ ಇಯರ್ ಓಲ್ಡ್ ಡಿಲಕ್ಸ್’ ಎಂದು ಬರೆದಿತ್ತು. ಬೆಲೆ ಮಾತ್ರ ಮೂರು ವರ್ಷದ ಮಗುವಿನದಾಗಿರಲಿಲ್ಲ. ಬಣ್ಣದ ಕಥೆಯೂ ಹೀಗೆಯೇ. ಸ್ಕಾಚ್‌ಗೆ ಬಣ್ಣ ಬರಲೆಂದು ಕ್ಯಾರಮೆಲ್ ಬೆರೆಸಲು ಕಾನೂನಿನ ಅನುಮತಿಯಿದೆ. ಮನುಷ್ಯ ಚಿಕ್ಕವನಾಗಿ ಕಾಣಲು ತಲೆಗೆ ಬಣ್ಣ ಹಚ್ಚಿಕೊಂಡರೆ, ವಿಸ್ಕಿ ಮುದುಕನಾಗಿ ಕಾಣಲು ಹಚ್ಚಿಕೊಳ್ಳುತ್ತದೆ. ಅಂಕಿ ಹೇಳುವುದು ಎಳೆಯ ಹನಿಯ ಕಥೆಯನ್ನು ಮಾತ್ರ, ಬಣ್ಣ ಹೇಳುವುದು ಕ್ಯಾರಮೆಲ್ಲಿನ ಕಥೆಯನ್ನೂ ಇರಬಹುದು. ಇವೆರಡನ್ನು ನಂಬಿ ನಾಲಗೆಗೆ ರಜೆ ಕೊಟ್ಟವನ ಗತಿ ಏನು?

ಅಂಕಿಯ ಹಿಂದೆ ರುಚಿಯಲ್ಲದ ಲೆಕ್ಕವೂ ಇರುತ್ತದೆ ಎನ್ನುವುದಕ್ಕೆ ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಐಲಾ ದ್ವೀಪದಲ್ಲಿ ಒಳ್ಳೆಯ ನಿದರ್ಶನವಿದೆ. ಅಲ್ಲಿಯ ಡಿಸ್ಟಿಲರಿಗಳಲ್ಲಿ ಬೊಮೋರ್ 1779ರದ್ದು, ಲಫ್ರೋಯ್ಗ್ ಮತ್ತು ಆರ್ಡ್‌ಬೆಗ್ 1815ರವು, ಲಾಗಾವುಲಿನ್ 1816ರದ್ದು. 1881ರಲ್ಲಿ ಮತ್ತೆರಡು ಹುಟ್ಟಿದವು. ಅಲ್ಲಿಂದ ಮುಂದೆ 124 ವರ್ಷ ಹೊಸ ಡಿಸ್ಟಿಲರಿಯ ಸೊಲ್ಲಿಲ್ಲ. ಅಂಥ ಹಿರಿಯರ ಕೇರಿಯಲ್ಲಿ 2005ರಲ್ಲಿ ಆಂಟನಿ ವಿಲ್ಸ್ ಎಂಬವರು ಒಂದು ಹೊಲಮನೆಯಲ್ಲಿ ಕಿಲ್‌ಹೋಮನ್ ಎಂಬ ಪುಟ್ಟ ಡಿಸ್ಟಿಲರಿ ತೆರೆದರು. ಶುರುವಿನ ದಿನಗಳಲ್ಲೇ ಮಾಲ್ಟ್ ಒಣಗಿಸುವ ಗೂಡಿಗೆ ಬೆಂಕಿ ಬಿತ್ತು. ಹೊಗೆಗೇ ಹೆಸರಾದ ದ್ವೀಪ ಹೊಸಬರನ್ನು ಸ್ವಾಗತಿಸಿದ ಬಗೆ ಹಾಗೆ. ಮೊದಲ ವಿಸ್ಕಿ 2009ರಲ್ಲಿ ಬಂತು, ಮೂರು ವರ್ಷ ದಾಟಿ ಕೆಲವೇ ತಿಂಗಳಾದದ್ದು. ಕಾಕತಾಳೀಯವೆಂಬಂತೆ ಅದೇ 2005ರಲ್ಲಿ ಫೈಫ್ ಪ್ರಾಂತ್ಯದ ರೈತ ಸೋದರರು ಡ್ಯಾಫ್ಟ್‌ಮಿಲ್ ಎಂಬ ಇನ್ನೊಂದು ಡಿಸ್ಟಿಲರಿಗೆ ಪರವಾನಗಿ ಪಡೆದಿದ್ದರು. ಅವರು ಮೊದಲ ಬಾಟಲಿ ಹೊರತಂದದ್ದು 2018ರಲ್ಲಿ. ಒಬ್ಬರಿಗೆ ಮೂರು ವರ್ಷ ಸಾಕಾಯಿತು, ಇನ್ನೊಬ್ಬರು ಹನ್ನೆರಡು ವರ್ಷ ಬಾಯಿ ಬಿಡಲಿಲ್ಲ. ಇದರಲ್ಲಿ ರುಚಿಯ ಸಿದ್ಧಾಂತ ಹುಡುಕುವ ಮುನ್ನ ಕಿಸೆಯನ್ನು ನೋಡುವುದು ಒಳ್ಳೆಯದು. ಡ್ಯಾಫ್ಟ್‌ಮಿಲ್‌ನವರಿಗೆ ಬೇಸಾಯದ ಆದಾಯವಿತ್ತು. ಬರೀ ವಿಸ್ಕಿ ನಂಬಿದವರಿಗೆ ಆ ಸೌಕರ್ಯವಿಲ್ಲ. ಬಾರ್ಲಿಯ ದುಡ್ಡು, ಪೀಪಾಯಿಯ ದುಡ್ಡು, ಕೆಲಸಗಾರರ ಸಂಬಳ ಎಲ್ಲ ಇಂದು ಕೊಡಬೇಕು, ಮಾಲು ಮಾರುವುದು ಮೂರು ವರ್ಷದ ಮೇಲೆ. ಎಷ್ಟೋ ಹೊಸ ಡಿಸ್ಟಿಲರಿಗಳು ಈ ನಡುವಿನ ಕಾಲದಲ್ಲಿ ಮಾಗಿಸುವ ಗೋಜೇ ಇಲ್ಲದ ಜಿನ್ ಮಾರಿ ಹೊಟ್ಟೆ ಹೊರೆಯುವುದು ಇದೇ ಕಾರಣಕ್ಕೆ. ಬಾಟಲಿಯ ಮೇಲಿನ ವಯಸ್ಸಿನಲ್ಲಿ ಒಂದು ಪಾಲು ಓಕ್ ಮರದ ಕೆಲಸವಾದರೆ ಇನ್ನೊಂದು ಪಾಲು ಬ್ಯಾಂಕಿನ ಬಡ್ಡಿಯದು.

ಹಾಗಾದರೆ ಮೂರು ವರ್ಷಕ್ಕೇ ಬಾಟಲಿಗಿಳಿಯಬೇಕಾದ ವಿಸ್ಕಿ ಕುಡಿಯುವಂತಿರಬೇಕಾದರೆ ಏನು ಮಾಡಬೇಕು? ಕೆಲಸವೆಲ್ಲ ಪೀಪಾಯಿ ಸೇರುವ ಮೊದಲೇ ಮುಗಿಯಬೇಕು. ಕಿಲ್‌ಹೋಮನ್‌ನಲ್ಲಿ ತಮ್ಮ ಹೊಲದ ಬಾರ್ಲಿಯನ್ನು ಈಗಲೂ ನೆನೆಹಾಕಿ, ನೆಲದ ಮೇಲೆ ಹರಡಿ ಮೊಳಕೆ ಬರಿಸುತ್ತಾರೆ. ಮೊಳಕೆಯೊಡೆಯುವ ಕಾಳು ಬಿಸಿ ಕಾರುತ್ತದೆ, ಬೇರು ಬೇರಿಗೆ ಹೆಣೆದುಕೊಂಡು ಚಾಪೆಯಾಗುತ್ತದೆ. ಹಾಗಾಗದಂತೆ ಹಗಲೂ ರಾತ್ರಿ ಸರದಿಯ ಮೇಲೆ ಗೋರಿ ಮಗುಚಬೇಕು. ಆಮೇಲೆ ಜೌಗುನೆಲದಿಂದ ಕಡಿದು ಒಣಗಿಸಿದ ಪೀಟ್ ಹೆಂಟೆಗಳ ಹೊಗೆಯಲ್ಲಿ ಕಾಳು ಒಣಗುತ್ತದೆ. ಹುಳಿ ಬರಿಸುವುದಕ್ಕೂ ಅವಸರವಿಲ್ಲ: ಯೀಸ್ಟ್ ಸಕ್ಕರೆಯನ್ನು ಮುಗಿಸಿದ ಮೇಲೂ ಹುದುಗನ್ನು ಹಾಗೇ ಬಿಟ್ಟರೆ ಹಣ್ಣಿನ ಪರಿಮಳದ ಎಸ್ಟರ್‌ಗಳು ಹೆಚ್ಚುತ್ತವೆ. ಕೊನೆಯದು ಭಟ್ಟಿ ಇಳಿಸುವವನ ಕೈಚಳಕ. ಮೊದಲು ಇಳಿಯುವುದು ಮೂಗು ಸುಡುವ ಘಾಟು, ನಡುವಿನದು ಬೇಕಾದ್ದು, ಕೊನೆಗೆ ಬರುವುದು ಎಣ್ಣೆ ಎಣ್ಣೆಯಾದ ಭಾರದ ಸ್ಪಿರಿಟ್. ದೀರ್ಘಕಾಲ ಕಾಯುವವನು ಬಾಲದ ಭಾಗವನ್ನೂ ಒಂದಿಷ್ಟು ಸೇರಿಸಿಕೊಳ್ಳಬಹುದು, ಹತ್ತು ಹದಿನೈದು ವರ್ಷದಲ್ಲಿ ಓಕ್ ಅದನ್ನು ತಿದ್ದಿಕೊಳ್ಳುತ್ತದೆ. ಮೂರು ವರ್ಷದವನಿಗೆ ಆ ಭೋಗವಿಲ್ಲ. ನಡುಭಾಗವನ್ನು ಬಿಗಿಯಾಗಿ ಹಿಡಿದು ಬೇಗ ಕತ್ತರಿಸಬೇಕು. ಎಳೆ ವಿಸ್ಕಿಯಲ್ಲಿ ಮಾಡಿದವರ ಗುಣವೂ ಅವಗುಣವೂ ಕಾಣುವುದು ಇದಕ್ಕೇ. ಹಳೆಯದರಲ್ಲಿ ಅವೆರಡರ ಮೇಲೂ ಮರ ತನ್ನ ಪದರ ಎಳೆದಿರುತ್ತದೆ.

ಮರವೇನು ಮಾಡುತ್ತದೆ ಎನ್ನುವುದನ್ನೂ ಹೇಳಿಬಿಡಬೇಕು, ಹಳೆಯದರ ಪರ ವಾದಿಸುವವರ ಬಲ ಇರುವುದೇ ಅಲ್ಲಿ. ಓಕ್ ಮೂರು ಕೆಲಸ ಮಾಡುತ್ತದೆ. ಒಳಗೋಡೆಯ ಸುಟ್ಟ ಇದ್ದಿಲು ಗಂಧಕದ ದುರ್ವಾಸನೆಗಳನ್ನು ಹೀರಿಕೊಳ್ಳುತ್ತದೆ. ಮರದ ಲಿಗ್ನಿನ್ ಒಡೆದು ವೆನಿಲಿನ್ ಬರುತ್ತದೆ, ಕೊಬ್ಬರಿಯ ವಾಸನೆಯ ಲ್ಯಾಕ್ಟೋನ್ ಬರುತ್ತದೆ, ಲವಂಗದ ಯೂಜೆನಾಲ್ ಬರುತ್ತದೆ. ಮೂರನೆಯದು ನಿಧಾನದ ಕೆಲಸ: ಮರದ ರಂಧ್ರಗಳಿಂದ ಉಸಿರಾಡುತ್ತಾ, ಗಾಳಿಯೊಡನೆ ಬೆರೆಯುತ್ತಾ ಒಳಗಿನ ಘಟಕಗಳು ಒಂದರೊಡನೊಂದು ಹೊಂದಿಕೊಳ್ಳುವುದು. ಮೊದಲೆರಡನ್ನು ಒಳ್ಳೆಯ ಪೀಪಾಯಿ ಕೆಲವೇ ವರ್ಷಗಳಲ್ಲಿ ಬಹುಪಾಲು ಮುಗಿಸಿಕೊಡಬಲ್ಲದು, ಮೂರನೆಯದಕ್ಕೆ ಅಡ್ಡದಾರಿಯಿಲ್ಲ. ಹಳೆಯ ವಿಸ್ಕಿಯ ಆ ನುಣುಪು, ಆ ದುಂಡುತನ ಎಳೆಯದಕ್ಕಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಆದರೆ ಲೆಕ್ಕದ ಇನ್ನೊಂದು ಪುಟವನ್ನೂ ಓದಬೇಕು. ಕಾಲ ಕೊಡುವಷ್ಟೇ ಕಸಿಯುತ್ತದೆ. ಪೀಟ್ ಹೊಗೆಯ ಫೀನಾಲ್‌ಗಳು ಪೀಪಾಯಿಯಲ್ಲಿ ವರ್ಷ ಕಳೆದಂತೆ ಮಂಕಾಗುತ್ತವೆ. ಐಲಾದ ಹೊಗೆಯನ್ನು ಅದರ ತಾರುಣ್ಯದಲ್ಲಿ ಕಾಣಬೇಕೆನ್ನುವವನು 25ರ ಬಾಟಲಿಗೆ ದುಡ್ಡು ಕೊಟ್ಟರೆ ಹೊಗೆ ಹೋದ ಮೇಲಿನ ಬೂದಿಗೆ ಕೊಟ್ಟ ಹಾಗೆ. ಹಣ್ಣಿನ ಎಳೆಯ ಪರಿಮಳವೂ ಮರದ ದಬ್ಬಾಳಿಕೆಯಲ್ಲಿ ಅಡಗಬಹುದು. ಬಹಳ ವರ್ಷ ಹೊಸ ಪೀಪಾಯಿಯಲ್ಲೇ ಬಿಟ್ಟರೆ ಕೊನೆಗೆ ಉಳಿಯುವುದು ಮರಗೆಲಸದ ಅಂಗಡಿಯ ಹೊಟ್ಟಿನ ಒಗರು.

ಇನ್ನು ಲೋಟದ ಮುಂದೆ ಕೂರೋಣ. ತಳ ಅಗಲವಾಗಿ ಬಾಯಿ ಕಿರಿದಾದ ಸಣ್ಣ ಗಾಜಿನ ಲೋಟ, ಅದರಲ್ಲಿ ಬೆರಳಗಲಕ್ಕಿಂತ ಕಡಿಮೆ ವಿಸ್ಕಿ. ಮೊದಲು ಮೂಗು, ಆಮೇಲೆ ನಾಲಗೆ. ಮೂಗನ್ನು ಲೋಟದೊಳಗೆ ನೆಟ್ಟು ಜೋರಾಗಿ ಎಳೆದವನಿಗೆ ಸಿಗುವುದು ಆಲ್ಕೋಹಾಲಿನ ಏಟು ಮಾತ್ರ. ತುಟಿಯನ್ನು ಸ್ವಲ್ಪ ತೆರೆದಿಟ್ಟು, ಅಂಚಿನಿಂದ ಮೆಲ್ಲಗೆ ಎಳೆದುಕೊಳ್ಳಬೇಕು. ಎಳೆಯ ವಿಸ್ಕಿಯಾದರೆ ಮೊದಲು ಮೂಗಿಗೆ ಬರುವುದು ನೆನೆದ ಕಾಳು, ಹಿಟ್ಟು, ಹಸಿರು ಸೇಬು ಅಥವಾ ಪೇರ್ ಹಣ್ಣಿನ ವಾಸನೆ. ಭಟ್ಟಿಯಲ್ಲಿ ಅಜಾಗರೂಕತೆಯಿದ್ದರೆ ಬೆಂದ ಕೋಸೂ ಬರುತ್ತದೆ. ನಂತರ ನಾಲ್ಕು ಹನಿ ನೀರು. ನೀರು ಹಾಕುವುದು ಅಪಚಾರವೆಂದು ಹುಬ್ಬು ಗಂಟಿಕ್ಕುವವರಿಗೆ 2017ರಲ್ಲಿ ಸ್ವೀಡನ್ನಿನ ಇಬ್ಬರು ರಸಾಯನ ವಿಜ್ಞಾನಿಗಳು, ಕಾರ್ಲ್ಸನ್ ಮತ್ತು ಫ್ರೀಡ್‌ಮನ್, ಕಂಪ್ಯೂಟರ್ ಲೆಕ್ಕಾಚಾರದಿಂದ ಉತ್ತರ ಕೊಟ್ಟಿದ್ದಾರೆ. ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ಅಣು ಆಲ್ಕೋಹಾಲಿನ ಪ್ರಮಾಣ ತಗ್ಗಿದಾಗ ದ್ರವದ ಮೇಲ್ಮೈಗೆ ಬರುತ್ತದೆ, ಅಂದರೆ ಮೂಗಿಗೆ ಹತ್ತಿರವಾಗುತ್ತದೆ. ನೀರಿಗೆ ವಿಜ್ಞಾನದ ಆಧಾರವಿದೆ. ಕೋಲಾಕ್ಕೆ ಯಾವ ಸ್ವೀಡನ್ನಿನವರೂ ಇನ್ನೂ ನೆರವಿಗೆ ಬಂದಂತಿಲ್ಲ.

ಇಲ್ಲಿ ಸಂಶಯವಾದಿ ಎದ್ದು ನಿಲ್ಲುತ್ತಾನೆ. ‘ಸೇಬಂತೆ, ಪೇರಂತೆ, ವೆನಿಲ್ಲಾವಂತೆ, ಒಳಗಿರುವುದು ಬಾರ್ಲಿ, ನೀರು, ಯೀಸ್ಟ್. ಇದೆಲ್ಲ ಕುಡಿದವರ ಕವಿತ್ವ’ ಎನ್ನುತ್ತಾನೆ. ಅವನ ಪರವಾಗಿ ಗಟ್ಟಿ ಸಾಕ್ಷ್ಯವೂ ಇದೆ. ಫ್ರಾನ್ಸಿನ ಬೋರ್ಡೋದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ 54 ಮಂದಿ ವೈನ್ ವಿದ್ಯಾರ್ಥಿಗಳಿಗೆ ಕೊಟ್ಟಾಗ, ಅವರು ಕೆಂಪು ವೈನಿಗೆ ಬಳಸುವ ವರ್ಣನೆಗಳನ್ನೇ ಬರೆದುಕೊಟ್ಟರು. ಕಣ್ಣು ಹೇಳಿದ್ದಕ್ಕೆ ಮೂಗು ರುಜು ಹಾಕಿತ್ತು. ಆದರೆ ಈ ಸಾಕ್ಷ್ಯ ಹೊಡೆಯುವುದು ಯಾರನ್ನು? ಬಣ್ಣ, ಅಂಕಿ, ಹೆಸರು ನೋಡಿ ಸವಿಯುವವರನ್ನು. ವಾಸನೆಗಳೇ ಸುಳ್ಳೆಂದು ಅದರಿಂದ ಸಾಬೀತಾಗುವುದಿಲ್ಲ. ಬಾಳೆಹಣ್ಣಿನ ವಾಸನೆಗೆ ಕಾರಣವಾದ ಐಸೊಅಮೈಲ್ ಅಸಿಟೇಟ್ ಬಾಳೆಯಲ್ಲೂ ಇದೆ, ಹುದುಗಿದ ಬಾರ್ಲಿಯಲ್ಲೂ ಇದೆ. ಯೀಸ್ಟ್‌ಗೆ ಕವಿತ್ವದ ಚಾಳಿಯಿಲ್ಲ. 1970ರ ದಶಕದ ಕೊನೆಯಲ್ಲಿ ಸ್ಕಾಟ್ಲೆಂಡಿನ ಪೆಂಟ್‌ಲ್ಯಾಂಡ್ಸ್ ಸಂಶೋಧನಾ ಸಂಸ್ಥೆಯವರು ವಿಸ್ಕಿಯ ವಾಸನೆಗಳನ್ನೆಲ್ಲ ವಿಂಗಡಿಸಿ ಒಂದು ಚಕ್ರ ಬರೆದದ್ದು ವರ್ಣನೆಯ ಸೊಗಸಿಗಲ್ಲ, ಡಿಸ್ಟಿಲರಿಯಲ್ಲಿ ತಪ್ಪು ಎಲ್ಲಾಯಿತೆಂದು ಪತ್ತೆಹಚ್ಚುವುದಕ್ಕೆ. ಆ ಕೆಲಸದಲ್ಲಿ ಕೈಜೋಡಿಸಿದ್ದ ಜಿಮ್ ಸ್ವಾನ್ ಎಂಬ ರಸಾಯನತಜ್ಞರೇ ಮುಂದೆ ಕಿಲ್‌ಹೋಮನ್‌ಗೂ ತೈವಾನಿನ ಕವಲಾನ್‌ಗೂ ಸಲಹೆಗಾರರಾದರು ಎನ್ನುವುದು ಬರೀ ಯೋಗಾಯೋಗವಲ್ಲ. ಎಳೆವಯಸ್ಸಿನಲ್ಲೇ ಮೆಚ್ಚಿಸುವ ವಿಸ್ಕಿ ಮಾಡಬೇಕಾದರೆ ಯಾವ ವಾಸನೆ ಯಾವ ಹಂತದಲ್ಲಿ ಹುಟ್ಟುತ್ತದೆಂದು ಬಲ್ಲವರೇ ಬೇಕು.

ಕವಿತ್ವ ಇಲ್ಲವೇ ಇಲ್ಲವೆಂದು ನಾನೂ ಹೇಳಲಾರೆ. ಮಳೆಯಲ್ಲಿ ನೆನೆದ ಕುದುರೆಯ ಜೀನು, ಅಜ್ಜಿಯ ಪಿಯಾನೊ, ಕ್ರಿಸ್ಮಸ್ ಮಾರನೆಯ ದಿನದ ಕೇಕು ಎಂದೆಲ್ಲ ಬರೆಯುವವರ ಅಜ್ಜಿಯ ಮನೆಗೆ ನಾವು ಹೋಗಿಲ್ಲ. ಆದರೆ ನಮ್ಮವರು ಆ ಪಟ್ಟಿಯನ್ನು ಉರುಹೊಡೆದು, ಜನ್ಮದಲ್ಲಿ ಮೂಸದ ಹೆದರ್ ಹೂವನ್ನು ಲೋಟದಲ್ಲಿ ಕಂಡೆವೆನ್ನುವುದು ಅದಕ್ಕಿಂತ ದೊಡ್ಡ ನಗೆಪಾಟಲು. ಮೂಗಿನ ಕೋಶ ಅವರವರ ಊರಲ್ಲೇ ತುಂಬುವುದು. ಆಲೆಮನೆಯ ಕೊಪ್ಪರಿಗೆ ಬಲ್ಲವನು ಅಮೆರಿಕದ ಬರ್ಬನ್ ವಿಸ್ಕಿಯಿದ್ದ ಪೀಪಾಯಿಯ ಸಿಹಿಯಲ್ಲಿ ಬಿಸಿಬೆಲ್ಲವನ್ನು ಕಂಡರೆ, ನಂಜನಗೂಡು ರಸಬಾಳೆ ತಿಂದವನು ಎಸ್ಟರಿನಲ್ಲಿ ಅದನ್ನೇ ಕಂಡರೆ ಅದು ಹೆದರ್‌ಗಿಂತ ಪ್ರಾಮಾಣಿಕ ವರದಿ. ಐಲಾದ ಹೊಗೆಗೆ ಅಟ್ಟದ ಮೇಲೆ ಹೊಗೆ ಹಿಡಿದ ಗೋಣಿಚೀಲವೂ ನಡೆಯುತ್ತದೆ, ಟಿಂಚರ್ ಹಚ್ಚಿದ ಮೊಣಕಾಲೂ ನಡೆಯುತ್ತದೆ.

ಎರಡನೆಯ ಆಕ್ಷೇಪ ನಮ್ಮ ಬೆಂಗಳೂರಿನ ಹೆಸರು ಹೇಳಿಕೊಂಡೇ ಬರುತ್ತದೆ. ‘ಬಿಸಿ ನಾಡಿನಲ್ಲಿ ವಿಸ್ಕಿ ಬೇಗ ಮಾಗುತ್ತದೆ, ಇಲ್ಲಿಯ ಒಂದು ವರ್ಷವೆಂದರೆ ಸ್ಕಾಟ್ಲೆಂಡಿನ ಮೂರು ವರ್ಷ. ಹಾಗಾಗಿ ನೀವು ಎಳೆಯದೆನ್ನುವುದು ನಿಜವಾಗಿ ಎಳೆಯದಲ್ಲ, ವಯಸ್ಸಿನ ಮಹಿಮೆಗೆ ಧಕ್ಕೆಯೇನೂ ಇಲ್ಲ’ ಎಂದು. ಕೇಳಲು ಸೊಗಸಾಗಿದೆ. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಶೇ 2ರಷ್ಟು ಆವಿಯಾಗಿ ಹೋದರೆ, ಅದನ್ನು ಅಲ್ಲಿಯವರು ದೇವದೂತರ ಪಾಲೆಂದು ಲೆಕ್ಕಕ್ಕೆ ಬರೆಯುತ್ತಾರೆ. ಬೆಂಗಳೂರಿನಲ್ಲಿ ಆ ಪಾಲು ಶೇ 10ರ ಆಚೀಚೆ. ಇಲ್ಲಿಯ ಅಮೃತ್ ಡಿಸ್ಟಿಲರಿಯವರು 2013ರಲ್ಲಿ ತಂದ 8 ವರ್ಷದ ವಿಸ್ಕಿಗೆ ‘ಗ್ರೀಡಿ ಏಂಜೆಲ್ಸ್’ ಎಂದು ಹೆಸರಿಟ್ಟು ಮೇಲಿನವರ ಮೇಲೆ ಬಹಿರಂಗವಾಗಿಯೇ ದೂರು ಕೊಟ್ಟರು. ಆದರೂ ಒಂದಕ್ಕೆ ಮೂರು ಎಂಬ ಗುಣಾಕಾರವನ್ನು ನಾನು ಒಪ್ಪುವುದಿಲ್ಲ, ಊರಿನ ಅಭಿಮಾನ ಇದ್ದರೂ ಕೂಡ. ಶಾಖ ಮರದ ಸಾರವನ್ನು ಬೇಗ ಹೊರಗೆಳೆಯುತ್ತದೆ, ಆವಿಯನ್ನು ಹೆಚ್ಚಿಸುತ್ತದೆ. ಆದರೆ ಮಾಗುವಿಕೆಯ ಎಲ್ಲ ಕ್ರಿಯೆಗಳೂ ಒಂದೇ ವೇಗವರ್ಧನೆಗೆ ಒಳಗಾಗುವುದಿಲ್ಲ. ಇದು ಅಂಕಿಯನ್ನು ಬಿಡಲಾರದವರು ಹಿಂಬಾಗಿಲಿನಿಂದ ಅಂಕಿಯನ್ನೇ ತರುವ ಉಪಾಯ. ಅಮೃತ್ ಗೆದ್ದದ್ದು ಗುಣಾಕಾರದಿಂದಲ್ಲ. 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಅದು ಬಿಡುಗಡೆ ಮಾಡಿದ್ದು ಗ್ಲಾಸ್ಗೊ ನಗರದಲ್ಲಿ, ಸ್ಕಾಟಿಷ್ ನಾಲಗೆಗಳ ಎದುರಿನಲ್ಲಿ. ಬೆಂಗಳೂರಿಗೆ ಅದು ಮಾರಾಟಕ್ಕೆ ಬಂದದ್ದು 2010ರಲ್ಲಿ, ಅಲ್ಲಿ ಪಾಸಾದ ಮೇಲೆ. ಊರ ಮಗನಿಗೆ ಊರಲ್ಲಿ ಹೆಣ್ಣು ಸಿಗಬೇಕಾದರೆ ಮೊದಲು ವಿದೇಶಕ್ಕೆ ಹೋಗಿಬರಬೇಕೆಂಬ ನಿಯಮ ವಿಸ್ಕಿಗೂ ಇದೆ.

ಬಿಸಿ ನಾಡಿನ ಇನ್ನೊಂದು ನಿದರ್ಶನವೂ ಇದೆ. ತೈವಾನಿನ ಕವಲಾನ್ 2006ರಲ್ಲಿ ಭಟ್ಟಿ ಹಚ್ಚಿ, 2008ರ ಕೊನೆಗೆ ಮೊದಲ ಬಾಟಲಿ ತಂದ ಸಂಸ್ಥೆ. 2010ರ ಜನವರಿಯಲ್ಲಿ, ಸ್ಕಾಟಿಷರು ತಮ್ಮ ಕವಿ ರಾಬರ್ಟ್ ಬರ್ನ್ಸ್‌ನ ಜನ್ಮದಿನ ಆಚರಿಸುವ ಹೊತ್ತಿಗೆ, ಎಡಿನ್‌ಬರೊದ ಲೀತ್‌ನಲ್ಲಿ ಲೇಬಲ್ ಮುಚ್ಚಿಟ್ಟು ನಡೆಸಿದ ಪರೀಕ್ಷೆಯಲ್ಲಿ ಅದು ಸ್ಕಾಚ್‌ಗಳನ್ನು ಹಿಂದಿಕ್ಕಿತು. ಎದುರಾಳಿಗಳು ಘಟಾನುಘಟಿಗಳೇನೂ ಆಗಿರಲಿಲ್ಲ, ಎಳೆಯ ವಿಸ್ಕಿಗಳೇ ಆಗಿದ್ದವು ಎಂಬುದನ್ನು ಮುಚ್ಚಿಡಬೇಕಿಲ್ಲ. ಆದರೆ 2015ರ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಅದರ ಸೋಲಿಸ್ಟ್ ವಿನ್ಯೊ ಬಾರೀಕ್ ಜಗತ್ತಿನ ಅತ್ಯುತ್ತಮ ಸಿಂಗಲ್ ಮಾಲ್ಟ್ ಎನ್ನಿಸಿಕೊಂಡಾಗ ಆ ಸಮಾಧಾನವೂ ಉಳಿಯಲಿಲ್ಲ. ಆ ಬಾಟಲಿಯ ಮೇಲೆ ವಯಸ್ಸೇ ಇಲ್ಲ.

ಹಾಗೆಂದು ಎಳೆಯದೆಲ್ಲ ಹೊನ್ನಲ್ಲ. ಅವಸರದ ಹೊಸ ಡಿಸ್ಟಿಲರಿಗಳ ಒಂದು ಹಳೆಯ ಚಟ, ಪುಟಾಣಿ ಪೀಪಾಯಿ. ಪೀಪಾಯಿ ಚಿಕ್ಕದಾದಷ್ಟೂ ಪ್ರತಿ ಲೀಟರಿಗೆ ತಾಗುವ ಮರ ಹೆಚ್ಚು, ಬಣ್ಣ ಬೇಗ, ವೆನಿಲ್ಲಾ ಬೇಗ. ಆದರೆ ಕಾಲದ ಕೆಲಸ ಅಷ್ಟು ಬೇಗ ಆಗುವುದಿಲ್ಲವಾದ್ದರಿಂದ ಹೊರಗೆ ಮರದ ಒಗರು, ಒಳಗೆ ಹಸಿ ಸ್ಪಿರಿಟ್ಟಿನ ಘಾಟು, ಎರಡೂ ಒಂದೇ ಗುಟುಕಿನಲ್ಲಿ ಸಿಗುತ್ತವೆ. ಇಂಥದ್ದನ್ನು ‘ಧೈರ್ಯದ ಪ್ರಯೋಗ’ ಎಂದು ಲೇಬಲ್ಲಿನಲ್ಲಿ ಬರೆದು ಮಾರುವವರಿದ್ದಾರೆ. ಧೈರ್ಯ ಬೇಕಾಗುವುದು ಕುಡಿಯುವವನಿಗೆ. ಇದು ನನ್ನ ವಾದಕ್ಕೆ ವಿರುದ್ಧವೆಂದು ಕೆಲವರು ಹೇಳಬಹುದು, ನನಗೆ ಹಾಗನ್ನಿಸುವುದಿಲ್ಲ. ಕೆಟ್ಟದ್ದು ಕೆಟ್ಟದ್ದೆಂದು ನಾಲಗೆಗೆ ಕೂಡಲೇ ಗೊತ್ತಾಗಿಬಿಡುವುದೂ ಎಳೆ ವಿಸ್ಕಿಯ ಒಂದು ಗುಣವೇ. 21ರ ಅಂಕಿ ಹೊತ್ತ ಸಪ್ಪೆ ವಿಸ್ಕಿಯ ಬಗ್ಗೆ ನಾವು ‘ಇದರ ಸೂಕ್ಷ್ಮ ನನಗಿನ್ನೂ ಹಿಡಿಯುತ್ತಿಲ್ಲ’ ಎಂದುಕೊಂಡು ತಪ್ಪನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತೇವೆ. ಕುಡಿತವೇ ಕೆಟ್ಟದ್ದು ಎಂಬ ಮೂಲ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಮೂಗಿಗೆ ಹೆಚ್ಚು ಕೆಲಸ ಕೊಟ್ಟವನ ಗಂಟಲಿಗೆ ಕಡಿಮೆ ಇಳಿಯುತ್ತದೆ ಎಂಬಷ್ಟನ್ನು ದಾಖಲೆಗೆ ಸೇರಿಸಬಹುದು.

ಕೊನೆಗೆ ಉಳಿಯುವುದು ದುಡ್ಡಿನ ತಕರಾರು. ಮೂರು ಐದು ವರ್ಷದ ಕೂಸಿಗೆ ದೊಡ್ಡ ಕಂಪನಿಯ 12ಕ್ಕಿಂತ ಹೆಚ್ಚು ಬೆಲೆಯೇಕೆ? ಸಣ್ಣ ಭಟ್ಟಿ, ಕೈಯಿಂದ ಮಗುಚುವ ಬಾರ್ಲಿ, ಕಡಿಮೆ ಇಳುವರಿ, ಹೆಗಲ ಮೇಲೆ ಸಾಲ. ಉತ್ತರ ಇದೆ, ಆದರೆ ಕಿಸೆಗೆ ಅದರಿಂದ ಸಮಾಧಾನವಿಲ್ಲ. ಮೇಲಾಗಿ ಈ ಎಳೆಯರೂ ಎಳೆಯರಾಗಿಯೇ ಉಳಿಯುವುದಿಲ್ಲ. ಕಿಲ್‌ಹೋಮನ್ 2023ರಲ್ಲಿ 16 ವರ್ಷದ ವಿಸ್ಕಿ ತಂದು, ಆ ಅಂಕಿಯನ್ನು ದಪ್ಪಕ್ಷರದಲ್ಲಿ ಹೇಳಿಕೊಂಡಿತು. ಅಂಕಿಯಿಲ್ಲದಾಗ ಅಂಕಿ ಬೇಡವೆಂದವರು ಅಂಕಿ ಕೈಗೆ ಬಂದಾಗ ಬಿಡಲಿಲ್ಲವಲ್ಲ ಎಂದು ನಗುವವರು ನಗಲಿ. ಅದೇ ಡಿಸ್ಟಿಲರಿಯ ಮ್ಯಾಕರ್ ಬೇ ಬಾಟಲಿಯ ಮೇಲೆ ವಯಸ್ಸು ನಮೂದಿಸುವುದಿಲ್ಲ, ಮನೆಯ ಖರ್ಚು ನಡೆಸುತ್ತಿರುವುದೂ ಅಂಥ ಎಳೆಯ ಬಾಟಲಿಗಳೇ. ಎರಡನ್ನೂ ಒಂದೇ ಬಗೆಯ ಲೋಟಗಳಿಗೆ ಸುರಿದು, ಬಾಟಲಿಗಳನ್ನು ಬೀರುವಿನಲ್ಲಿಟ್ಟು, ಯಾವುದು ಯಾವುದೆಂದು ಮನೆಯವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರುವಂತೆ ಕೂತರೆ ಪರೀಕ್ಷೆ ನ್ಯಾಯವಾಗಿ ನಡೆಯುತ್ತದೆ. 16ರದ್ದು ಹೆಚ್ಚು ಮೆದು, ಹೆಚ್ಚು ದುಂಡು ಎಂದು ತೀರ್ಪು ಬರಬಹುದು. ಎಳೆಯದರ ಹೊಗೆಯೇ ಚುರುಕು ಎಂದೂ ಬರಬಹುದು. ಬೀರು ತೆರೆದು ಬಿಲ್ಲು ನೋಡಿದ ಮೇಲೆ ನನ್ನ ಮತವಂತೂ ಎಳೆಯದಕ್ಕೆ.